ಒಂದು ಮನೆಗೆ ಮೂವರು ತನಿಯಪ್ಪ

ಟೋವಾ ಪಾಯೋ ಬಡಾವಣೆಯ ಆ ಮನೆ ತನಿಯಪ್ಪನ ಕೈಗೆ ಇನ್ನೇನು ಸಿಕ್ಕಿತು ಅನ್ನುವಷ್ಟರಲ್ಲಿ ಜಾರುತ್ತಿತ್ತು. ಹತ್ತನೇ ಮಹಡಿ, ಮೂಲೆಯ ಫ್ಲ್ಯಾಟು. ಅಡುಗೆಮನೆಗೆ ಇಷ್ಟಗಲದ ಕಿಟಕಿ. ನೋಡಲು ಹೋದ ದಿನ ಹೆಂಡತಿ ಮೋಹಿನಿ ಆ ಕಿಟಕಿ ತೆರೆದು ನಿಂತವಳು ಬೇಗ ಹೊರಡಲೇ ಇಲ್ಲ. "ಇಲ್ಲಿ ನಾನು ಒಗ್ಗರಣೆ ಹಾಕಿದರೆ ಕೇಳುವವರಿಲ್ಲ ಮಾರಾಯ್ರೆ!" ಎಂದಳು.

ಆ ಮಾತಿನ ಹಿಂದೆ ವರ್ಷಗಳ ಸಂಕಟವಿತ್ತು. ಬಾಡಿಗೆ ಕೋಣೆಯ ಒಡತಿ, ಇವಳು ಒಣಮೆಣಸು ಹುರಿದಾಗಲೆಲ್ಲ ಮನೆ ಅದುರುವಂತೆ ಸೀನುತ್ತಿದ್ದರು. ಒಗ್ಗರಣೆಯಿಲ್ಲದ ಸಾರು ಉಂಡು ಉಂಡು ಗಂಡಹೆಂಡಿರ ನಾಲಿಗೆಯೇ ಬಾಡಿಗೆಯದ್ದಾಗಿತ್ತು. ಈಗ ಈ ದೇಶದಲ್ಲಿ ಕಾಯಂ ನೆಲೆಸುವ ಪಿ.ಆರ್. ಸಿಕ್ಕಿದೆ, ಸ್ವಂತ ಫ್ಲ್ಯಾಟು ಕೊಳ್ಳಬಹುದು. ತಿಂಗಳ ಕೊನೆಗೆ ಕೋಣೆ ಬಿಡಲೂಬೇಕು.

ತನಿಯಪ್ಪ ಮಲ್ಪೆಯವನು, ಹಡಗುಕಟ್ಟೆಯಲ್ಲಿ ಸೂಪರ್‌ವೈಸರ್. ಇಡೀ ಹಡಗಿಗೆ ಅಂಜದವನಿಗೆ ಎದುರಿಗೆ ನಿಂತವರಿಗೆ 'ಬೇಡ' ಅನ್ನಲು ಮಾತ್ರ ಬಾಯಿ ಬಾರದು. ತಿಂಡಿ ಅಂಗಡಿಗಳ ಸಾಲಿನ ಹಾಕರ್ ಸೆಂಟರಿನಲ್ಲಿ ಪರಿಚಯವಾದ ಏಜೆಂಟರಿಗೆ ಹೂಂ ಅಂದ, ಅವರೇ ಆ ಮನೆ ತೋರಿಸಿದರು. ಆಮೇಲೆ ಇನ್ನೊಬ್ಬ ಏಜೆಂಟ್, ಸಹೋದ್ಯೋಗಿಯ ಭಾವಮೈದುನ ಬಂದರೆ ಅವರಿಗೂ ಹೂಂ. ಕನ್ನಡ ಸಂಘದ ಸ್ನೇಹಿತ ಕಳಿಸಿದ ಏಜೆಂಟರಿಗೂ ಹೂಂ. ಮೂವರಿಗೂ ಒಂದೇ ಮಾತು: "ಆ ಮೂಲೆ ಮನೆ ನನಗೇ ಬೇಕು!"

"ಮೂರು ಬಲೆ ಬೀಸಿದ್ದೇನೆ. ಮೀನು ಎಲ್ಲಿಗೆ ಹೋಗ್ತದೆ?" ಎಂದು ಮೀಸೆ ತಿರುವಿದ.

ಅಂದಿನಿಂದ ಸೊಂಟದ ಪೇಜರ್ ಗುಂಯ್‌ಗುಟ್ಟಿದ್ದೇ ಗುಂಯ್‌ಗುಟ್ಟಿದ್ದು. ಮೂವರದ್ದೂ ಒಂದೇ ಸುದ್ದಿ: "ಬೇರೆ ಪಾರ್ಟಿಗಳು ಇದಾರೆ, ರೇಟು ಏರಿಸಿ." ತನಿಯಪ್ಪ ಏರಿಸಿದ. ಬೇರೆಯವರೂ ಏರಿಸಿದರಂತೆ. ಮತ್ತೆ ಏರಿಸಿದ. ಹತ್ತನೇ ಮಹಡಿಯ ಮನೆ ದಿನಕ್ಕೊಂದು ಮಹಡಿ ಮೇಲೆ ಹೋಗುತ್ತಿತ್ತು.

ಭಾನುವಾರ ಪರಿಚಯದ ರಮಾ ಮನೆಗೆ ಬಂದರು. ಮೈಸೂರಿನವರು, ಪಾಯಾ ಲೆಬಾರ್‌ನಲ್ಲಿ ಮನೆ ಮಾರುವ ಏಜೆನ್ಸಿ ನಡೆಸುತ್ತಾರೆ. ತನಿಯಪ್ಪನ ಮುಖ ನೋಡಿಯೇ, "ಏನ್ರೀ, ಹಡಗು ಮುಳುಗ್ತಾ?" ಅಂದರು.

"ಇಬ್ಬರು ದುಷ್ಮನ್‌ಗಳು ಸಿಕ್ಕಿದ್ದಾರೆ ರಮಾ ಅವರೇ. ನಾನು ಏರಿಸಿದಷ್ಟೂ ಏರಿಸ್ತಾರೆ."

"ಯಾರು ಅವರು? ಏನಾದ್ರೂ ಗೊತ್ತಾ?"

"ಒಬ್ಬನ ಸುದ್ದಿ ಸಿಕ್ಕಿದೆ. ಅವನೂ ಹಡಗುಕಟ್ಟೆಯವನೇ ಅಂತೆ, ಸೂಪರ್‌ವೈಸರ್. ಅವನ ಹೆಂಡತಿಗೂ ಅಡುಗೆಮನೆ ಕಿಟಕಿಯೇ ಬೇಕಂತೆ! ಎಂಥಾ ಹಟಮಾರಿ ಹೆಂಗಸೋ!"

ಒಳಗೆ ಲೋಟ ಬಿದ್ದ ಸದ್ದಾಯಿತು. ಮೋಹಿನಿ ಸೊಂಟದ ಮೇಲೆ ಕೈಯಿಟ್ಟು ಹೊರಬಂದಳು. "ಆ ಹಟಮಾರಿ ಹೆಂಗಸು ನಾನೇ ಮಾರಾಯ್ರೆ. ಆ ದುಷ್ಮನ್ ನೀವೇ!"

ರಮಾ ನಕ್ಕು ನಕ್ಕು ಕಣ್ಣೊರೆಸಿಕೊಂಡರು. "ಸರಿಯಾಗಿ ಹೇಳಿದ್ರಿ ಮೋಹಿನಿ. ನೋಡಿ, ಇಲ್ಲಿ ತುಂಬ ಏಜೆಂಟ್ರು ಸೇರಿ ಒಂದು ಕೂಡುಪಟ್ಟಿ ಮಾಡ್ಕೊಂಡಿದಾರೆ. ಮಲ್ಟಿಪಲ್ ಲಿಸ್ಟಿಂಗ್ ಅಂತಾರೆ. ಮಾರೋರು ಒಬ್ಬ ಏಜೆಂಟಿಗೆ ಮನೆ ಒಪ್ಪಿಸ್ತಾರೆ. ಅವರು ಅದನ್ನ ಪಟ್ಟಿಗೆ ಹಾಕ್ತಾರೆ: ಯಾವ ಬ್ಲಾಕು, ಎಷ್ಟು ಕೋಣೆ, ಸರ್ಕಾರ ಕೊಟ್ಟ ಲೀಸ್ ಎಷ್ಟು ವರ್ಷ ಉಳಿದಿದೆ, ಏನು ಬೆಲೆ. ಗುಂಪಿನ ಏಜೆಂಟ್ರೆಲ್ಲರ ಕಂಪ್ಯೂಟರಲ್ಲೂ ಅದು ಕಾಣುತ್ತೆ. ನಿಮ್ಮ ಮೂವರು ಏಜೆಂಟ್ರೂ ಅದೇ ಪಟ್ಟಿ ನೋಡಿ, ಮಾರೋ ಏಜೆಂಟ್ ಒಬ್ಬರಿಗೇ ಫೋನ್ ಹೊಡೆದಿದಾರೆ. ಅವರ ಲೆಕ್ಕದಲ್ಲಿ ಮನೆ ಬೇಕಾದವರು ಮೂರು ಜನ! ನಿಮ್ಮದು ಮೂರು ಬಲೆ ಸರಿ, ಆದ್ರೆ ಸಮುದ್ರ ಒಂದೇ, ಮೀನೂ ಒಂದೇ."

ತನಿಯಪ್ಪ ಅಷ್ಟು ಸುಲಭಕ್ಕೆ ಬಗ್ಗಲಿಲ್ಲ. "ಒಬ್ಬರನ್ನೇ ಹಿಡಿದರೆ ಅವರ ಕೈಲಿರೋ ಮನೆ ಮಾತ್ರ ತೋರಿಸ್ತಾರೆ, ಅಲ್ವಾ?"

"ಅದಕ್ಕೇ ಅಲ್ವಾ ಕೂಡುಪಟ್ಟಿ ಇರೋದು? ಒಬ್ಬರೇ ಪಟ್ಟಿಯಲ್ಲಿರೋ ಮನೆಗಳನ್ನೆಲ್ಲ ತೋರಿಸಬಹುದು."

"ತಮ್ಮ ಮನೆಯನ್ನ ಬೇರೆ ಏಜೆಂಟಿಗೆ ಯಾಕೆ ಬಿಟ್ಟುಕೊಡ್ತಾರೆ? ಧರ್ಮಕ್ಕಾ?"

"ಕಮಿಷನ್ ಹಂಚ್ಕೋತಾರೆ. ಮನೆ ಬೇಗ ಹೋಗುತ್ತೆ, ಮಾರೋರಿಗೂ ಲಾಭ. ಒಂದು ಮಾತು ಮಾತ್ರ ನೆನಪಿರಲಿ. ಪಟ್ಟಿಗೆ ಬರದ ಮನೆಗಳೂ ಇರ್ತವೆ. 'ನೀವು ಯಾರ ಕಡೆ? ನಿಮ್ಮ ಕಮಿಷನ್ ಯಾರು ಕೊಡ್ತಾರೆ?' ಅಂತ ಏಜೆಂಟ್ ಹತ್ರ ಮೊದಲೇ ಕೇಳಿಬಿಡಿ."

"ಅಂದ್ರೆ ನಿಮ್ಮನ್ನೇ ಇಟ್ಕೊಳ್ಳಿ ಅಂತೀರಿ!" ತನಿಯಪ್ಪ ಕಣ್ಣು ಕಿರಿದು ಮಾಡಿದ.

"ಅಯ್ಯೋ, ಬೇಡಿ! ಆ ಮನೆ ಮೊದಲು ತೋರಿಸಿದವರು ಇದಾರಲ್ಲ, ಅವರನ್ನೇ ಇಟ್ಕೊಳ್ಳಿ. ಅದೇ ನ್ಯಾಯ."

ಆ ಮಾತಿಗೆ ತನಿಯಪ್ಪ ಕರಗಿದ. ಆದರೆ ಉಳಿದಿಬ್ಬರಿಗೆ 'ಬೇಡ' ಅನ್ನುವುದು ಹೇಗೆ? ಮೋಹಿನಿ ತಾಲೀಮು ಕೊಟ್ಟಳು. ಭಾವಮೈದುನನ ಹಾಗೆ ಗಂಟಲು ಕೆರೆದಳು, ಸಂಘದವರ ಹಾಗೆ "ಅರ್ಜೆಂಟ್ ಸಾರ್, ಅರ್ಜೆಂಟ್" ಎಂದು ಮೂಗಲ್ಲಿ ನುಡಿದಳು. ತನಿಯಪ್ಪ ಮೊದಲ ಸಲ ಹೆಂಡತಿಗೇ ಹೂಂ ಅಂದುಬಿಟ್ಟ. ಬೈಸಿಕೊಂಡ ಮೇಲೆ ಬಾಯಿ ಬಂತು: "ಉಪಕಾರ ಆಯ್ತು. ಆದರೆ ನಾನು ಒಬ್ಬರನ್ನೇ ಗೊತ್ತುಮಾಡಿದ್ದೇನೆ." ಫೋನಿನಲ್ಲೂ ಅದನ್ನೇ ಹೇಳಿದ. ಆಕಾಶ ಕಳಚಿ ಬೀಳಲಿಲ್ಲ.

ಹಾಕರ್ ಸೆಂಟರಿನ ಏಜೆಂಟರು ಮಾರುವ ಏಜೆಂಟರಿಗೆ ನಿಜ ತಿಳಿಸಿದರು: ಮೂರು ಪಾರ್ಟಿಯೂ ಒಬ್ಬರೇ. ಆ ಕಡೆಯವರೂ ನಕ್ಕರಂತೆ. ಏರಿದ ಬೆಲೆ ಮೆಟ್ಟಿಲಿಳಿದು ತನ್ನ ಮಹಡಿಗೆ ಬಂತು.

ಗೃಹಪ್ರವೇಶದ ದಿನ ಬಾಗಿಲಿಗೆ ಹಿತ್ತಾಳೆ ನಾಮಫಲಕ: ಮೇಲೆ ಮೋಹಿನಿ, ಕೆಳಗೆ ತನಿಯಪ್ಪ. ಒಂದು ಸೂಟ್‌ಕೇಸ್ ಹಿಡಿದು ಬಂದ ಊರಿನಲ್ಲಿ ತಮ್ಮದೇ ಹೆಸರಿನ ಬಾಗಿಲು! ಅದನ್ನು ಒರೆಸುವ ನೆಪದಲ್ಲಿ ತನಿಯಪ್ಪ ಬಾಗಿಲ ಬಳಿಯೇ ಸುಳಿದಾಡುತ್ತಿದ್ದ. ಅಷ್ಟರಲ್ಲಿ ಊಟಕ್ಕೆ ಕರೆದಿದ್ದ ಪರಿಚಯದ ದ್ವಾರಕನಾಥ್ ಬಂದು, "ನಾನೂ ಮನೆ ಹುಡುಕ್ತಿದೀನಿ. ನಾಲ್ಕು ಏಜೆಂಟ್ರಿಗೆ ಹೇಳಿದೀನಿ" ಎಂದರು.

ತನಿಯಪ್ಪ ಎದೆಯುಬ್ಬಿಸಿದ. "ಕೂತ್ಕೊಳ್ಳಿ ಸಾರ್. ನನ್ನ ಜೊತೆ ನಾನೇ ಪೈಪೋಟಿ ಮಾಡಿ ಗೆದ್ದವನು ನಾನು. ಹೇಗೆ ಅಂತ ಹೇಳ್ತೇನೆ."

ಒಳಗೆ ಒಣಮೆಣಸು ಚಟಪಟ ಸಿಡಿಯಿತು. ದ್ವಾರಕನಾಥ್ ಜೋರಾಗಿ ಸೀನಿದರು. ಒಗ್ಗರಣೆ ಬೇಡ ಅನ್ನುವವರು ಯಾರೂ ಇರಲಿಲ್ಲ.

ಬಂಧುಗಳೇ, ಮನೆ ಕೊಳ್ಳುವಾಗ ಕೂಡುಪಟ್ಟಿ ನೋಡಬಲ್ಲ ಏಜೆಂಟ್ ಒಬ್ಬರನ್ನೇ ಆರಿಸಿಕೊಳ್ಳಿ. ಅವರು ಯಾರ ಕಡೆಯವರೆಂದು ಕೇಳಿ, ಒಪ್ಪಂದ ಓದಿಯೇ ಸಹಿ ಹಾಕಿ. ಮಾರುವವರೂ ಅಷ್ಟೇ, ಒಬ್ಬರಿಗೇ ಒಪ್ಪಿಸಿ ಪಟ್ಟಿಗೆ ಹಾಕಿಸಿ. ದಾಕ್ಷಿಣ್ಯವನ್ನು ಊಟದ ಎಲೆಯ ಮುಂದೆ ಇಟ್ಟುಕೊಳ್ಳೋಣ, ಮನೆಯ ಬೆಲೆಯ ಮುಂದೆ ಬೇಡ. ನಿಮ್ಮ ಹೆಸರಿನ ಬಾಗಿಲೊಳಗೆ ಮೊದಲ ಒಗ್ಗರಣೆ ಹಾಕುವ ದಿನ ನಮ್ಮನ್ನೂ ಕರೆಯಿರಿ. ಸೀನುತ್ತಲೇ ಬರುತ್ತೇವೆ!