ತೆಗೀರಿ ಅಂದಿದ್ದಕ್ಕೆ ತೆಗೆದದ್ದು

ನನ್ನ ಮೂತಿ ಗೇಣುದ್ದ. ನನ್ನ ಕಷ್ಟಕ್ಕೆಲ್ಲ ಅದೇ ಮೂಲ. ನಾನೊಂದು ಕ್ಯಾಮರಾ.

ಕಾರ್ಖಾನೆಯಲ್ಲಿ ಕಣ್ಣು ಬಿಟ್ಟಾಗ ಮೊದಲು ಕಂಡದ್ದು ಯಾರದೋ ಹೆಬ್ಬೆರಳು. ಅದು ಕಣ್ಣಿಗೆ ಮುಚ್ಚಳ ಹಾಕಿ ನನ್ನನ್ನು ಡಬ್ಬಕ್ಕೆ ತುಂಬಿತು. ಡಬ್ಬ ಒಡೆದವರು ಮಂಡ್ಯದ ಮದುವೆ ಫೋಟೋಗ್ರಾಫರ್ ಸಿದ್ದಪ್ಪಾಜಿ. ಅವರ ಕೊರಳಲ್ಲಿ ಜೋತುಬಿದ್ದು ಆರುನೂರು ತಾಳಿ ನೋಡಿದೆ. ಎಲ್ಲೂ ಊಟ ಮಾಡಲಿಲ್ಲ. ಹೊಸ ಕ್ಯಾಮರಾ ಬಂದ ಮೇಲೆ ಅವರು ನನ್ನನ್ನು ಮೈಸೂರಿನ ಪದ್ಮಾಕ್ಷಿ ಮೇಡಂಗೆ ದಾಟಿಸಿದರು. ಮೂವತ್ತೆರಡು ವರ್ಷ ಕನ್ನಡ ವ್ಯಾಕರಣ ಕಲಿಸಿ ನಿವೃತ್ತರಾದ ಅವರಿಗೆ ಹಕ್ಕಿಗಳ ಹುಚ್ಚು.

ಅವರ ಮನೆ ಹತ್ತಿರದ ಪಾರ್ಕಿನಲ್ಲಿ ಒಂದು ಒಣಕೊಂಬೆ. ಅದರ ಪೊಟರೆಯಲ್ಲಿ ಕುಟ್ರು ಹಕ್ಕಿಯ ಸಂಸಾರ. ಕಡಿಯಬೇಕೆಂದು ಕೊಂಬೆಗೆ ಕೆಂಪು ಗುರುತು ಬಿದ್ದಿತ್ತು. ಹತ್ತು ಗಂಟೆಗೆ ಗರಗಸ.

"ಒಳಗೆ ಮರಿ ಇದ್ರೆ ಫೋಟೋ ತೋರ್ಸಿ, ನಿಲ್ಲಿಸ್ತೀನಿ. ಬಾಯಿಮಾತಿಗೆ ಗರಗಸ ನಿಲ್ಲಲ್ಲ," ಎಂದಿದ್ದರು ಪಾರ್ಕಿನ ಸೂಪರ್‌ವೈಸರ್. ಮೇಡಂ ಮೊಬೈಲಿನಲ್ಲಿ ತೆಗೆದರೆ ಬರೀ ಕಪ್ಪು ಚುಕ್ಕೆ. ಹಾಗಾಗಿ ನಾನು ಹೊರಟೆ.

ಗೇಟಿನಲ್ಲಿ ಕಾವಲುಗಾರ ನಿಂಗಶೆಟ್ಟಿ ಅಡ್ಡ ನಿಂತ. ಬೋರ್ಡಿನ ಮೇಲೆ ಬಡಿದ.

"ವೃತ್ತಿಪರ ಕ್ಯಾಮರಾ ನಿಷೇಧ. ಓದ್ಕಳಿ."

"ಇದು ವೃತ್ತಿಪರ ಅಂತ ಹೆಂಗೆ ಗೊತ್ತಾಯ್ತಪ್ಪ?"

"ಮೂತಿ ನೋಡುದ್ರೆ ಗೊತ್ತಾಗಕಿಲ್ವಾ?"

"ನಾನು ರಿಟೈರಾದವಳು, ಇದೂ ಮದುವೆ ಮನೆಯಿಂದ ರಿಟೈರಾದದ್ದು. ನಾವಿಬ್ಬರೂ ನಿವೃತ್ತಿಪರರು."

ಅಷ್ಟರಲ್ಲಿ ಕೋಲಿಗೆ ಮೊಬೈಲ್ ಸಿಕ್ಕಿಸಿಕೊಂಡ ಜೋಡಿಯೊಂದು ಕುಣಿಯುತ್ತಾ ಒಳಗೆ ಹೋಯಿತು. ಹಿಂದೆ ಇನ್ನೊಬ್ಬ ಲೈಟು ಹಿಡಿದಿದ್ದ.

"ಅವರು?"

"ಅದು ಮೊಬೈಲು ಮೇಡಂ. ನಿಮ್ದು ಬ್ಯಾಗಲ್ಲೇ ಇದ್ರೆ ಒಳಿಕ್ಕೆ ಹೋಗಿ. ಈಚೆಗೆ ತೆಗೆಯಂಗಿಲ್ಲ."

ಒಳಗೆ ಹೋದರೆ, ಆ ಮರದಡಿ ಗರಗಸದವರು ಹಗ್ಗ ಬಿಗಿಯುತ್ತಿದ್ದರು. ಮೇಡಂ ಬ್ಯಾಗಿನ ಜಿಪ್ಪು ಎಳೆದರು. ನನ್ನ ಮೂತಿ ಹೊರಗೆ ಬಂತು. ಹಿಂದೆಯೇ ಓಡಿ ಬಂದ ನಿಂಗಶೆಟ್ಟಿ ಕೂಗಿದ:

"ಕ್ಯಾಮರಾ ತೆಗೀರಿ ಇಲ್ಲಿಂದ! ತೆಗೀರಿ ಮೇಡಂ, ಬೇಗ ತೆಗೀರಿ!"

ಮಕ್ಕಳಿಗೆ ನಾನಾರ್ಥ ಕಲಿಸಿದವರು ಮೇಡಂ. ತಮಗೆ ಬೇಕಾದ ಅರ್ಥ ಆರಿಸಿಕೊಂಡರು. ಪೊಟರೆಯಿಂದ ಮರಿಯೊಂದು ಬಾಯಿ ತೆರೆದು ಇಣುಕಿತು. ಬೇಗ ಬೇಗ ಮೂರು ಸಲ ತೆಗೆದರು.

"ತೆಗೀಬ್ಯಾಡಿ ಅಂದ್ರೆ..."

"ತೆಗೀರಿ ಅಂದೋನು ನೀನೇ ಕಣಪ್ಪ."

ಗರಗಸದವರೂ ನಕ್ಕರು. ಸೂಪರ್‌ವೈಸರ್ ಬಂದು, ನನ್ನ ಬೆನ್ನಿನ ಪರದೆ ನೋಡಿ, ಮರಿ ಹಾರುವ ತನಕ ಕೊಂಬೆ ಮುಟ್ಟಬೇಡಿ ಎಂದರು. ರೂಲ್ಸು ರೂಲ್ಸೇ ಎಂದು, ಸಂಜೆಯವರೆಗೆ ನನ್ನನ್ನು ಗೇಟಿನ ಕೋಣೆಯಲ್ಲಿ ಇರಿಸಿದರು. ಸೆರೆಹಿಡಿದ ನಾನೇ ಸೆರೆಯಾದೆ. ನಿಂಗಶೆಟ್ಟಿ ಮಾತ್ರ ಗುಂಡಿ ಒತ್ತಿ ಒತ್ತಿ ಮರಿ ನೋಡಿ ನನ್ನ ಬ್ಯಾಟರಿ ಮುಗಿಸಿದ.

ಮರಿ ಹಾರಿದ ಮೇಲೂ ಆ ಕೊಂಬೆ ಕಡಿಯಲು ಯಾರೂ ಬರಲಿಲ್ಲ. ವರ್ಷಗಳು ಕಳೆದು ಈಗ ನನ್ನ ಕಣ್ಣಿಗೆ ಬೂಷ್ಟು ಹಿಡಿದಿದೆ. ಮೇಡಂ ಮನೆಯ ಕಪಾಟಿನಲ್ಲಿ ನಿಘಂಟಿಗೆ ಒರಗಿ ಕೂತಿದ್ದೇನೆ. ಹೋದ ವಾರ ನಿಂಗಶೆಟ್ಟಿ ಓಡೋಡಿ ಬಂದ, ಕೈಯಲ್ಲಿ ಮೊಬೈಲು.

"ಮೇಡಂ, ಅದೇ ಪೊಟರೇಲಿ ಮತ್ತೆ ಮರಿ! ನಾನೇ ತೆಗ್ದೆ."

ನೋಡಿದರೆ ಬರೀ ಕಪ್ಪು ಚುಕ್ಕೆ. ಮೇಡಂ ಕನ್ನಡಕ ಏರಿಸಿ, "ಚೆನ್ನಾಗಿದೆ ಕಣಪ್ಪ," ಎಂದರು.

ನನಗೂ ಹಾಗೇ ಅನ್ನಿಸಿತು. ಫೋಟೋ ವೃತ್ತಿಪರ ಅಲ್ಲ, ನಿಜ. ಆದರೆ ಮನುಷ್ಯ ಗೇಟು ಬಿಟ್ಟು, ವೃತ್ತಿ ಬಿಟ್ಟು ಹೋಗಿ ತೆಗೆದದ್ದು.