ಹಾಡಿನ ಕೊನೆಯಲ್ಲಿ ಒಂದು ಮಗು

"ಅಪ್ಪಾ... ಹಿಮ ಯಾವಾಗ ಬರತ್ತೆ?"

ವಿನ್ನಿ ಅದನ್ನು ಹತ್ತನೆಯ ಸಲ ಹೇಳಿದಳು. ಮೈಕಿನ ಮುಂದೆ ಎತ್ತರದ ಸ್ಟೂಲಿನ ಮೇಲೆ ಕೂತು ಕಾಲು ತೂಗುತ್ತಿದ್ದ ಆರು ವರ್ಷದ ಹುಡುಗಿ, ಶಾಲೆಯಲ್ಲಿ ಪದ್ಯ ಒಪ್ಪಿಸುವಂತೆ ಒಂದೊಂದು ಅಕ್ಷರವನ್ನೂ ಬಿಡಿಸಿ ಹೇಳಿದ್ದಳು. ಗಾಜಿನ ಆಚೆ ಅವಳ ತಾತ ರಸ್ಕ್ ಡೆಲೇನಿ ಸರಿಯಾಗಲಿಲ್ಲವೆಂದು ತಲೆಯಾಡಿಸಿದ. ಬಾಗಿಲ ಮೇಲೆ ರೆಕಾರ್ಡಿಂಗ್ ನಡೆಯುತ್ತಿದೆಯೆಂದು ತೋರಿಸುವ ಕೆಂಪು ದೀಪ ಆರಿತು.

"ಪುಟ್ಟೀ, ನೀನು ಹವಾಮಾನ ವರದಿ ಓದ್ತಿಲ್ಲ ಕಣೇ, ಅಪ್ಪನ್ನ ಕೇಳ್ತಿದೀಯ" ಎಂದು ಅವನ ದನಿ ಸ್ಪೀಕರಿನಲ್ಲಿ ಬಂತು.

"ಹೊರಗೆ ಇಷ್ಟೊಂದು ಬಿಸಿಲಿದೆ ತಾತ! ಜುಲೈನಲ್ಲಿ ಯಾರಾದ್ರೂ ಹಿಮ ಕೇಳ್ತಾರಾ? ದಡ್ಡರು ಕೇಳ್ತಾರೆ ಅಷ್ಟೆ."

ಯಾರೂ ನಗಲಿಲ್ಲ. ರಸ್ಕ್‌ನ ಹಳೆಯ ವಾದಕ ಡ್ಯೂಯಿ ಹ್ಯಾಚರ್, ಅಡ್ಡ ಮಲಗಿಸಿ ಉಕ್ಕಿನ ಸರಳು ಜಾರಿಸಿ ನುಡಿಸುವ ತನ್ನ ಸ್ಟೀಲ್ ಗಿಟಾರಿನ ತಂತಿಗಳನ್ನೇ ನೋಡುತ್ತ ಕೂತ. ಮೂವತ್ತೇಳು ವರ್ಷದ ಹಿಂದೆ ಜುಲೈನಲ್ಲಿ ಹಿಮ ಕೇಳಿದ್ದವಳು ಅವನ ಮಗಳು.

ನವೆಂಬರಿನಲ್ಲಿ ಅಂಗಡಿಗೆ ಬರಬೇಕಾದ ಕ್ರಿಸ್ಮಸ್ ಹಾಡುಗಳನ್ನು ಅಮೆರಿಕದ ನ್ಯಾಶ್‌ವಿಲ್‌ನಲ್ಲಿ ಸೆಖೆಗಾಲದಲ್ಲೇ ಹಾಡಿ ಮುಗಿಸುತ್ತಾರೆ. ಸ್ಟುಡಿಯೋದಲ್ಲಿ ಮರ ನಿಲ್ಲಿಸಿ ದೀಪದ ಸರ ಸುತ್ತುತ್ತಾರೆ. ಆ ಜುಲೈ ಹೊತ್ತಿಗೆ ರಸ್ಕ್ ಹೆಸರುವಾಸಿ ರಾಕ್ ಗಾಯಕ. ಹಾಡಿಗೆ ಚಳಿ ಬರಲೆಂದು ಎಲ್ಲರೂ ಸ್ವೆಟರ್ ಹಾಕಿಕೊಳ್ಳುವಷ್ಟು ಕೋಣೆಯನ್ನು ತಣ್ಣಗೆ ಮಾಡಿಸಿದ್ದ. ಡ್ಯೂಯಿಯ ಹೆಂಡತಿಗೆ ಆ ದಿನ ಆಸ್ಪತ್ರೆಯಲ್ಲಿ ಪಾಳಿ. ನೋಡಿಕೊಳ್ಳುವವರಿಲ್ಲದೆ ಅವನು ಐದು ವರ್ಷದ ಕೊರಿನ್‌ಳನ್ನು ಕರೆತಂದು ಪಿಯಾನೋದ ಹಿಂದೆ ರಜಾಯಿ ಹಾಸಿ ಮಲಗಿಸಿದ್ದ. ಕೊನೆಯ ಹಾಡಿನ ಕೊನೆಯ ಸ್ವರ ಗಾಳಿಯಲ್ಲಿ ನಿಂತಿದ್ದಾಗ ಮಗು ಚಳಿಗೆ ಎಚ್ಚರವಾಗಿ, ಮರವನ್ನೂ ದೀಪಗಳನ್ನೂ ಕಂಡು, ಹಬ್ಬ ಬಂದೇಬಿಟ್ಟಿತೆಂದು ತಿಳಿದು ಆ ಮಾತು ಕೇಳಿತು. ಮೈಕು ಅದನ್ನೂ ಹಿಡಿಯಿತು. "ಇದನ್ನ ಅಳಿಸಿದ್ರೆ ಕೈ ಮುರೀತೀನಿ" ಎಂದಿದ್ದ ರಸ್ಕ್.

ಅಂದಿನಿಂದ ಪ್ರತಿ ಡಿಸೆಂಬರಿನಲ್ಲೂ ದೇಶವೆಲ್ಲ ಆ ಹಾಡು ಕೇಳುತ್ತ ಬಂದಿದೆ. ಕೊರಿನ್ ಬೆಳೆದಳು, ಶಾಲೆಯ ಟೀಚರ್ ಆದಳು, ನಾಚಿಕೊಂಡು ಅದು ತನ್ನ ದನಿಯೆಂದು ಯಾರಿಗೂ ಹೇಳಿಕೊಳ್ಳುತ್ತಿರಲಿಲ್ಲ. ಹೋದ ಅಕ್ಟೋಬರಿನಲ್ಲಿ, ನಲವತ್ತೆರಡನೆಯ ವಯಸ್ಸಿಗೆ, ತೀರಿಕೊಂಡಳು.

ಮಣ್ಣು ಮಾಡಿ ಮೂರು ವಾರವಾಗಿರಲಿಲ್ಲ, ಹಾಡು ಶುರುವಾಯಿತು. ಔಷಧಿ ಅಂಗಡಿಯಲ್ಲಿ, ಪೆಟ್ರೋಲ್ ಬಂಕಿನಲ್ಲಿ, ಕ್ಷೌರದಂಗಡಿಯಲ್ಲಿ ಡ್ಯೂಯಿ ಅರ್ಧ ಮುಖಕ್ಕೆ ಸೋಪು ಹಚ್ಚಿಸಿಕೊಂಡು ಕೂತಿದ್ದಾಗ. ಎದ್ದು ಹೋಗುವ ಹಾಗಿಲ್ಲ, ಕಿವಿ ಮುಚ್ಚುವ ಹಾಗಿಲ್ಲ. ಅವನು ಹೊರಗೆ ಹೋಗುವುದನ್ನೇ ಬಿಟ್ಟ. ಕೊನೆಗೆ ಇಗರ್ಜಿಯ ಊಟದಲ್ಲಿ ಹುಡುಗರು ಅದನ್ನೇ ಹಾಕಿದಾಗ ತಟ್ಟೆ ಕೆಳಗಿಟ್ಟು ಮನೆಗೆ ಬಂದು, ಹಾಸಿಗೆಯ ಪಕ್ಕ ಮಂಡಿಯೂರಿ ಬೇಡಿಕೊಂಡ: ದೇವರೇ, ಅವಳನ್ನು ನೀನು ಕರೆದುಕೊಂಡೆ, ಒಪ್ಪಿದೆ. ಆ ದನಿಯನ್ನೂ ಕರೆದುಕೋ.

ವಸಂತದಲ್ಲಿ ರಸ್ಕ್ ಫೋನ್ ಮಾಡಿದ. ಹಳೆಯ ಹಾಡುಗಳ ರೆಕಾರ್ಡುಗಳೆಲ್ಲ ಅವುಗಳನ್ನು ಹೊರತಂದ ಕಂಪನಿಯ ವಶದಲ್ಲಿದ್ದವು. ಆ ಹಾಡುಗಳನ್ನೇ ಹೊಸದಾಗಿ ಹಾಡಿ ತನ್ನದಾಗಿ ಮಾಡಿಕೊಳ್ಳುತ್ತೇನೆ, ಇನ್ನು ಮುಂದೆ ರೇಡಿಯೋಕ್ಕೂ ಅಂಗಡಿಗಳಿಗೂ ಹೊಸದೇ ಹೋಗುತ್ತದೆ, ಕೊರಿನ್‌ಳ ದನಿ ಬಳಸಲು ಕಂಪನಿ ಬಿಡುವುದಿಲ್ಲ, ಬೇರೆ ಮಗುವಿನಿಂದ ಹೇಳಿಸುತ್ತೇನೆ ಎಂದ. ಮೊರೆ ದೇವರಿಗೆ ಕೇಳಿತೆಂದುಕೊಂಡು ಡ್ಯೂಯಿ ಒಪ್ಪಿಕೊಂಡಿದ್ದ. ಆದರೆ ಈ ಬೆಳಿಗ್ಗೆ ವಿನ್ನಿ ಮೊದಲ ಸಲ ಬಾಯಿ ತೆರೆದಾಗ, ಯಾರೋ ಸಮಾಧಿಯ ಕಲ್ಲಿನಿಂದ ಮಗಳ ಹೆಸರನ್ನು ಉಜ್ಜಿ ತೆಗೆಯುತ್ತಿರುವಂತೆ ಅನಿಸಿತು. ಹಳೆಯದು ಇದ್ದರೆ ಬದುಕಲಾಗದು, ಹೋದರೂ ಬದುಕಲಾಗದು. ಬೇಡಿದ್ದನ್ನು ದೇವರು ಕೊಟ್ಟಾಗ ಕೈಚಾಚುವುದು ಇಷ್ಟು ಕಷ್ಟವೆಂದು ಅವನಿಗೆ ತಿಳಿದಿರಲಿಲ್ಲ.

ರಸ್ಕ್ ಒಳಗೆ ಬಂದು ಅವನ ಪಕ್ಕ ಕುಕ್ಕರಿಸಿದ. ಮಂಡಿ ಲಟಕ್ಕೆಂದಿತು.

"ಡ್ಯೂಯಿ, ನೀನೇ ಒಂಚೂರು ಹೇಳ್ಕೊಡೋ ಮಾರಾಯಾ. ಕೊರಿನ್ ಹೇಗಂದಿದ್ಲು ಅಂತ ನಿಂಗೆ ತಾನೇ ಗೊತ್ತಿರೋದು."

"ಹಳೇದನ್ನ ಹಾಕಿ ಕೇಳಿಸು."

"ಇಪ್ಪತ್ತು ಸಲ ಕೇಳಿಸಿದೀನಿ. ಗಿಳಿ ಥರ ಒಪ್ಪಿಸ್ತಾಳೆ." ರಸ್ಕ್ ದನಿ ತಗ್ಗಿಸಿದ. "ನಿಂಗೆ ಸಂಕಟ ಆಗೋದಾದ್ರೆ ಹೇಳ್ಬಿಡು. ಆ ಮಾತೇ ತೆಗೆದ್ಬಿಡ್ತೀನಿ. ಬರೀ ನಿನ್ನ ಗಿಟಾರಲ್ಲಿ ಮುಗಿಸೋಣ. ಇನ್ಮೇಲೆ ಯಾರ ಕಿವಿಗೂ ಬೀಳಲ್ಲ. ನೀನು ಹೇಳ್ದಂಗೆ."

ರಸ್ಕ್ ಅವನ ಭುಜ ತಟ್ಟಿ ಕಾಫಿಗೆಂದು ಆಚೆ ಹೋದ. ಸದ್ದು ಹೊರಗೂ ಹೋಗದ, ಒಳಗೂ ಬಾರದ ಆ ದಪ್ಪ ಗೋಡೆಗಳ ನಡುವೆ ಡ್ಯೂಯಿಯೂ ಹುಡುಗಿಯೂ ಉಳಿದರು.

"ಡ್ಯೂಯಿ ತಾತ, ನಿಮ್ಮ ಮಗಳನ್ನ ದಡ್ಡಿ ಅಂದೆ ಅಂತ ಬೇಜಾರಾ?"

"ಇಲ್ಲಮ್ಮ. ನಿದ್ದೆಗಣ್ಣಲ್ಲಿದ್ಲು ಅವಳು. ಮರ ನೋಡಿ ನಂಬಿಬಿಟ್ಲು."

"ಮತ್ತೆ ಮಧ್ಯದಲ್ಲಿ ಯಾಕೆ ನಿಲ್ಲಿಸ್ತಾಳೆ? 'ಅಪ್ಪಾ' ಅಂದು ಎಷ್ಟೊತ್ತು ಸುಮ್ನಿರ್ತಾಳೆ. ಮರ್ತುಹೋಯ್ತಾ?"

ಇಷ್ಟು ವರ್ಷದಲ್ಲಿ ಯಾರೂ ಅದನ್ನು ಕೇಳಿರಲಿಲ್ಲ. ಆ ತಡೆ ಬಲು ಮುದ್ದಾಗಿದೆ ಎಂದು ಪತ್ರಿಕೆಯವರು ಬರೆದಿದ್ದರು. ಅದರ ಕಾರಣವನ್ನು ಹೆಂಡತಿಗೂ ಅವನು ಹೇಳಿರಲಿಲ್ಲ.

"ನಾನು ತಿರುಗಿ ನೋಡ್ಲಿ ಅಂತ ಕಾಯ್ತಿದ್ಲು."

"ನೋಡಿದ್ರಾ?"

"ಇಲ್ಲ. ಕೆಂಪು ದೀಪ ಹತ್ತಿತ್ತು. ಸ್ವರ ಕೈಯಲ್ಲಿತ್ತು. ತಿರುಗಿದ್ರೆ ಕೆಟ್ಟುಹೋಗ್ತಿತ್ತು."

"ಆಮೇಲೆ ಹೇಳಿದ್ರಾ, ಹಿಮ ಯಾವಾಗ ಬರತ್ತೆ ಅಂತ?"

"ಆಮೇಲೆ ಎಲ್ಲಾ ಅವಳನ್ನ ಎತ್ತಿಕೊಂಡು ಕುಣಿದ್ರು. ಮಿಠಾಯಿ ಕೊಟ್ರು. ಆ ಗಲಾಟೇಲಿ..." ಡ್ಯೂಯಿ ಉಕ್ಕಿನ ಸರಳನ್ನು ಅಂಗೈಯಲ್ಲಿ ಹೊರಳಿಸಿದ. "ಯಾರೂ ಹೇಳ್ಲಿಲ್ಲ."

ವಿನ್ನಿ "ಪಾಪ" ಎಂದಳು.

ರಸ್ಕ್ ಗಾಜಿನ ಆಚೆ ಮರಳಿ ಬಂದು, ಏನು ಮಾಡಲಿ ಎಂಬಂತೆ ಎರಡೂ ಕೈ ಎತ್ತಿದ. ಡ್ಯೂಯಿ ಮೈಕಿಗೆ ಬಾಗಿ, "ಒಂದ್ಸಲ ಮಾಡೋಣ" ಎಂದ. ಅನಂತರ ಹುಡುಗಿಯ ಕಡೆ ಕೈ ಮಾಡಿದ. "ಆ ಸ್ಟೂಲು ಬೇಡ. ಬಾ, ಇಲ್ಲಿ ನನ್ನ ಬೆನ್ನ ಹಿಂದೆ ನಿಂತ್ಕೊ. ಮೊದಲು ಕರಿ. ನಾನು ತಿರುಗೋವರೆಗೂ ಮುಂದಕ್ಕೆ ಕೇಳ್ಬೇಡ."

"ನೀವು ತಿರುಗ್ದೇ ಇದ್ರೆ?"

"ನಿಂಗೆ ಸಾಕಾದಾಗ ಕೇಳು."

ಮೈಕನ್ನು ಸರಿಸಿ ನಿಲ್ಲಿಸಿದರು. ಕೆಂಪು ದೀಪ ಹತ್ತಿತು. ಹೆಡ್‌ಫೋನಿನಲ್ಲಿ, ಮೊದಲೇ ರೆಕಾರ್ಡಾಗಿದ್ದ ರಸ್ಕ್‌ನ ಮುದಿದನಿ ಕೊನೆಯ ಸಾಲು ಹಾಡಿ ಮುಗಿಸಿತು. ಡ್ಯೂಯಿ ಸರಳನ್ನು ಮೇಲಕ್ಕೆ ಜಾರಿಸಿ ಆ ಸ್ವರವನ್ನು ಹಿಡಿದ. ಅದೇ ಜಾಗ, ಅದೇ ತಂತಿ.

"ಅಪ್ಪಾ..."

ಒಪ್ಪಿಸುವ ದನಿಯಲ್ಲ ಅದು. ಓಗೊಡುತ್ತಾರೋ ಇಲ್ಲವೋ ಎಂಬ ಅನುಮಾನದಲ್ಲಿ ಕರೆದ ದನಿ. ಅವನ ಕಣ್ಣು ತಂತಿಯ ಮೇಲಿತ್ತು. ಐವತ್ತು ವರ್ಷದ ಕಸುಬು ಅದನ್ನು ಅಲ್ಲೇ ಕಟ್ಟಿಹಾಕಿತ್ತು. ಬೆನ್ನ ಹಿಂದೆ ಸಣ್ಣ ಉಸಿರು ಕೇಳುತ್ತಿತ್ತು, ಕಾಯುತ್ತಿತ್ತು.

ಅವನು ತಿರುಗಿದ.

ಸರಳು ಜಾರಿ ಸ್ವರ ಒಂದಿಷ್ಟು ತಗ್ಗಿ ಅಲುಗಿತು. ಗಾಜಿನ ಆಚೆ ಯಾರೋ ರೆಕಾರ್ಡಿಂಗ್ ನಿಲ್ಲಿಸಲು ಕೈ ಚಾಚಿದ್ದನ್ನು ರಸ್ಕ್ ಮಣಿಕಟ್ಟು ಹಿಡಿದು ತಡೆದ. ವಿನ್ನಿ ಮುಖವೆತ್ತಿ ಡ್ಯೂಯಿಯ ಕಣ್ಣನ್ನೇ ನೋಡಿದಳು. ಗುಟ್ಟು ಕೇಳುವವಳಂತೆ, ಮೆಲ್ಲಗೆ ಕೇಳಿದಳು.

"ಹಿಮ ಯಾವಾಗ ಬರತ್ತೆ?"

ದೀಪ ಇನ್ನೂ ಕೆಂಪಾಗಿತ್ತು, ಮಾತಾಡುವ ಹಾಗಿರಲಿಲ್ಲ. ತಂತಿಯ ನಡುಕ ಸಣ್ಣಗಾಗುತ್ತ, ಇನ್ನಷ್ಟು ಸಣ್ಣಗಾಗುತ್ತ, ಪೂರ್ತಿ ನಿಲ್ಲುವವರೆಗೂ ಅವನು ಅವಳನ್ನು ನೋಡುತ್ತಲೇ ಇದ್ದ.