ವೋಝೆಲ್ ಸಾಹುಕಾರರ ಕಿರುಬೆರಳು

ಕ್ರಾಂತಿ ಇನ್ನೂ ಆಗಿರದೆ, ರಾಜನ ತಲೆ ಭುಜದ ಮೇಲೆ ಭದ್ರವಾಗಿದ್ದ ಕಾಲ. ಲಿಯೋಂ ಪಟ್ಟಣದ ರೇಷ್ಮೆ ಸಾಹುಕಾರ ಆಂತೆಲ್ಮ್ ವೋಝೆಲ್ ತನ್ನ ಚಿತ್ರ ಬರೆಸಲು ಕೂತ. ಮುಖ ಮುಗಿಯುವಷ್ಟರಲ್ಲಿ ಜ್ವರ ಬಂದು ತೀರಿಕೊಂಡ.

ಅದರಿಂದ ಕೆಲಸವೇನೂ ನಿಲ್ಲಲಿಲ್ಲ. ಮುಖಕ್ಕೆ ಮಾತ್ರ ಮನುಷ್ಯ ಬೇಕು, ಮಿಕ್ಕದ್ದಕ್ಕೆ ಅವನ ಬಟ್ಟೆ ಸಾಕು ಎಂಬುದು ಆ ಕಸುಬಿನ ರಿವಾಜು. ಹೆಂಡತಿ ಪೆರಿನ್ ಅವನ ನೀಲಿ ಮಖಮಲ್ಲಿನ ಕೋಟು ಕಳಿಸಿಕೊಟ್ಟಳು. ಚಿತ್ರಗಾರ ದೋರಿವಾಲ್ ಅದನ್ನು ಮರದ ಗೊಂಬೆಗೆ ತೊಡಿಸಿ ಮೈ ಬರೆದ. ಕೈಗಳನ್ನು ಬರೆಯಲು, ಚಿತ್ರಗಾರರೆದುರು ಕೂಲಿಗೆ ಕೂರುವ ಯಾವನೋ ಚೆಲುವನನ್ನು ಕೂರಿಸಿಕೊಂಡ.

ಚಿತ್ರ ನೋಡಲು ಪೆರಿನ್ ತನ್ನ ಮಗಳು ಕ್ಲೋದಿನ್‌ಳನ್ನು ಕರೆದುಕೊಂಡು ಬಂದಳು. ಗಂಡನ ಮುಖದ ಸಿಡುಬಿನ ಕಲೆ ಚಿತ್ರದಲ್ಲಿ ಒಂದೂ ಇರಲಿಲ್ಲ; ರೋಮಿನ ಅಮೃತಶಿಲೆಯ ನುಣುಪು. ಆಗಿನ ಶೋಕಿಯೇ ಅದು, ಪೆರಿನ್ ಸಹಿಸಿಕೊಂಡಳು. ಕಣ್ಣು ಕೆಳಗಿಳಿದಾಗ ಮಾತ್ರ ಅವಳಿಗೆ ತಡೆಯಲಾಗಲಿಲ್ಲ.

"ಇವು ನಮ್ಮನೆಯವ್ರ ಕೈಯಲ್ಲ."

"ಕೈ ಯಾರದಾದ್ರೇನು ಅಮ್ಮಾವ್ರೇ, ನೋಡೋರು ಮುಖ ನೋಡ್ತಾರೆ."

"ನಂಗೆ ಕೈ ಬೇಕು ಸ್ವಾಮಿ. ಅವ್ರದ್ದು ಒಂದು ಕಿರುಬೆರಳು ಮೊಂಡು. ಚಿಕ್ಕವರಿದ್ದಾಗ ಮಗ್ಗಕ್ಕೆ ಸಿಕ್ಕಿ ಅರ್ಧ ಹೋಗಿತ್ತು. ಅದನ್ನ ಬರೀರಿ."

ದೋರಿವಾಲ್ ಕೆಟ್ಟವನಲ್ಲ. ಕುಂಚ ತೆಗೆದುಕೊಂಡ.

"ಅದೇನು ಮಹಾ. ಯಾವ ಕೈ ಹೇಳಿ."

ಯಾವ ಕೈ ಎಂಬುದು ಪೆರಿನ್‌ಗೆ ನೆನಪಿಗೆ ಬರಲಿಲ್ಲ. ಕೈಗೆ ದುಡ್ಡು ಬಂದ ಮೇಲೆ, ನೆಂಟರೆದುರು ಆ ಮೊಂಡು ಬೆರಳು ಕಾಣಿಸಬೇಡಿ, ಕೋಟಿನೊಳಗೆ ತೂರಿಸಿಕೊಳ್ಳಿ ಎಂದು ಗಂಡನನ್ನು ಕಣ್ಣಲ್ಲೇ ಗದರುತ್ತಿದ್ದವಳು ಇದೇ ಮಹಾತಾಯಿ. ಅವನೂ ಪಾಪ, ಎದುರಾಡಲಿಲ್ಲ. ಬರಬರುತ್ತಾ ಮನೆಯಲ್ಲೂ ಹಾಗೇ ಇರುತ್ತಿದ್ದ. ಎಡಗೈ ಎಂದುಕೊಂಡಳು. ಅವನು ರೊಟ್ಟಿ ಮುರಿಯುತ್ತಿದ್ದದ್ದು ನೆನಪಾಗಿ ಬಲಗೈ ಎನಿಸಿತು. ಚಿತ್ರಕ್ಕೆದುರಾಗಿ ತನ್ನ ಕೈಗಳನ್ನೇ ಎತ್ತಿ ಹಿಡಿದು ನೋಡಿದಳು; ಇನ್ನಷ್ಟು ಗೊಂದಲವಾಯಿತು. ಕಣ್ಣು ತುಂಬಿ ಬಂತು.

"ಕ್ಲೋದಿನ್, ನೀನಾದ್ರೂ ಹೇಳೇ. ನಿಮ್ಮಪ್ಪಂದು ಯಾವ ಕೈ?"

ಕನ್ಯಾಸ್ತ್ರೀಯರ ಮಠದಲ್ಲಿ ಓದಿ ಬೆಳೆದು, ಹಬ್ಬಕ್ಕಷ್ಟೇ ಮನೆಗೆ ಬರುತ್ತಿದ್ದ ಮಗಳು ತಾಯಿಯ ಮುಖ ನೋಡಿದಳು.

"ಅಪ್ಪಂಗೆ ಬೆರಳು ಹೋಗಿತ್ತಾ ಅಮ್ಮ?"

ಪೆರಿನ್‌ಳ ಎದೆ ಒಡೆದುಹೋಯಿತು. ಗಂಡನನ್ನು ಮಣ್ಣು ಮಾಡಿದ ದಿನವೂ ಅವಳಿಗೆ ಇಷ್ಟು ಸಂಕಟವಾಗಿರಲಿಲ್ಲ. ಅಲ್ಲೇ ಇದ್ದ ಕುರ್ಚಿಯಲ್ಲಿ ಕುಸಿದು ಕೂತಳು. ಚಿತ್ರಗಾರ ಕುಂಚ ಹಿಡಿದು ಕಾಯುತ್ತಲೇ ಇದ್ದ.

"ಇರ್ಲಿ ಬಿಡಿ ಸ್ವಾಮಿ," ಎಂದಳು, "ಯಾರಿಗೂ ಗೊತ್ತಾಗಲ್ಲ."